‘ಪರವಾಗಿಲ್ಲ’ ಅಂದ್ರೆ ಪರವಾಗಿಲ್ಲ ಅಲ್ವಾ ಮೇಡಂ?

ಇದನ್ನ ಬರೀಬೇಕೋ ಬೇಡ್ವೋ ಅಂತ ತುಂಬಾ ದಿನ ಒದ್ದಾಡ್ದೆ. ಕೊನೆಗೆ ಬರೀತಿರೋದು ಯಾಕಂದ್ರೆ ಇಂಥ ಕೇಸು ನನ್ನ ಹತ್ರ ಬರೋದು ನಿಲ್ತಾನೇ ಇಲ್ಲ. ಒಂದ್ಸಲ ತಾಯಿ ಬರ್ತಾರೆ, ಒಂದ್ಸಲ ಗಂಡ, ಇನ್ನೊಂದ್ಸಲ ಅಣ್ಣ, ಆದ್ರೆ ಕುರ್ಚಿ ಮೇಲೆ ಕೂತು ಹೇಳೋ ಮಾತು ಮಾತ್ರ ಅಚ್ಚು ಒತ್ತಿದ ಹಾಗೆ ಅದೇ: ಕಾಯಿಲೆ ಕಂಟ್ರೋಲಿಗೆ ಬಂತು ಮೇಡಂ, ಧ್ವನಿ ಕೇಳ್ಸೋದು ನಿಂತಿದೆ, ಮಾತ್ರೆ ಸರಿಯಾಗಿ ತಗೋತಾರೆ, ಆದ್ರೆ ಕರುಳು ಅನ್ನೋದೇ ಒಣಗಿ ಹೋಗಿದೆ.

ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳ್ಸೋದು, ಇಲ್ಲದ ಸಂಶಯ ಬಲವಾಗೋದು, ಇಂಥ ಮಾನಸಿಕ ಕಾಯಿಲೆ) ಇರೋರ ಬಗ್ಗೆ ಈ "ಕರುಳಿಲ್ಲ" ಅನ್ನೋ ತೀರ್ಪು ಕೇಳಿ ಕೇಳಿ ನಂಗೆ ಒಂಥರಾ ಅಲರ್ಜಿ ಆಗ್ಬಿಟ್ಟಿದೆ. ಅದನ್ನ ಮೊದ್ಲೇ ಒಪ್ಕೊಂಬಿಡ್ತೀನಿ, ಯಾಕಂದ್ರೆ ಈ ಕೇಸಲ್ಲಿ ನಾನು ಎಡವಿದ್ದೂ ಅದರಿಂದ್ಲೇ.

ಇಬ್ರು ಅಕ್ಕತಂಗಿ. ಅಕ್ಕನಿಗೆ 22ನೇ ವಯಸ್ಸಲ್ಲಿ ಕಾಯಿಲೆ ಶುರುವಾಗಿದ್ದು, ಈಗ 36. ಎರಡು ಸಲ ಆಸ್ಪತ್ರೆ ಸೇರಿದ್ರು, ಈಚೆಗೆ ಐದು ವರ್ಷದಿಂದ ಸ್ಟೇಬಲ್. ತಂದೆ ತಾಯಿ ಇಲ್ಲ, ತಂಗಿ ಮತ್ತೆ ತಂಗಿ ಗಂಡನ ಜೊತೆ ವಾಸ, ಮನೆಯಿಂದಾನೇ ಕಂಪ್ಯೂಟರಲ್ಲಿ ಡೇಟಾ ಎಂಟ್ರಿ ಕೆಲಸ ಮಾಡ್ತಾರೆ. ಗುರುತು ಸಿಗಬಾರ್ದು ಅಂತ ಒಂದಷ್ಟು ವಿವರ ಬದಲಾಯಿಸಿದೀನಿ, ಇಬ್ರಿಗೂ ಓದ್ಸಿ ಒಪ್ಪಿಗೆ ತಗೊಂಡಿದೀನಿ. ತಂಗಿ ಏನೂ ತಿದ್ಲಿಲ್ಲ. ಅಕ್ಕ ಒಂದೇ ಒಂದು ಪದ ತಿದ್ದಿದಾರೆ, ಅದು ಮುಂದೆ ಬರುತ್ತೆ.

ನಡೆದಿದ್ದು ಇಷ್ಟು. ತಂಗಿ ಗರ್ಭಿಣಿ ಆದ್ರು. ಮನೇಲಿ ಅಕ್ಕ ಇದ್ದ ದೊಡ್ಡ ರೂಮನ್ನ ಮಗುಗೆ ಅಂತ ಬಿಟ್ಕೊಡೋದು, ಅಕ್ಕ ಪಕ್ಕದ ಚಿಕ್ಕ ರೂಮಿಗೆ ಹೋಗೋದು ಅಂತ ಮಾತಾಗಿತ್ತು. ಐದನೇ ತಿಂಗಳಲ್ಲಿ ಮಗು ಉಳೀಲಿಲ್ಲ. ಆಸ್ಪತ್ರೆಯಿಂದ ಬಂದು ಮೂರನೇ ದಿನ, ತಂಗಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ, ಅಕ್ಕ ಬಾಗಿಲಲ್ಲಿ ನಿಂತು ಕೇಳಿದ್ರಂತೆ, "ಹಾಗಾದ್ರೆ ಆ ರೂಮು ನಂಗೇನಾ?"

ಅವತ್ತಿಂದ ಮೂರು ತಿಂಗಳು ಆ ಮನೇಲಿ ಅಕ್ಕತಂಗಿ ಮಧ್ಯೆ ಮಾತಿಲ್ಲ. ತಂಗಿ ಗಂಡ ಅಕ್ಕನ್ನ ಎಲ್ಲಾದ್ರೂ ಹಾಸ್ಟೆಲಿಗೆ ಸೇರ್ಸೋಣ ಅಂತ ವಿಚಾರಿಸೋಕೆ ಶುರು ಮಾಡಿದ್ರು.

ಮೊದಲ ಸಲ ಬಂದಿದ್ದು ತಂಗಿ ಒಬ್ರೇ. ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿ, "ಇದು ಕಾಯಿಲೆನಾ ಮೇಡಂ, ಸ್ವಭಾವನಾ, ಅಷ್ಟು ಹೇಳಿ ಸಾಕು" ಅಂದ್ರು. ನಾನು ಮಾಡಿದ್ದೇನು ಗೊತ್ತಾ, ಪಾಠ. ಅವರ ಮಗು ಹೋಗಿ ಮೂರು ತಿಂಗಳಾಗಿದೆ, ಎದುರು ಕೂತು ಕರ್ಚೀಫು ಹಿಂಡ್ತಿದಾರೆ, ನಾನು ಸ್ಕಿಜೋಫ್ರೇನಿಯಾ ಅಂದ್ರೆ ಬರೀ ಭ್ರಮೆ ಅಲ್ಲ, ಬೇರೆಯವರ ಮನಸ್ಸು ಓದೋ ಶಕ್ತಿಗೂ ಪೆಟ್ಟು ಬೀಳುತ್ತೆ, ಅದು ಇದು ಅಂತ ಹತ್ತು ನಿಮಿಷ ಕೊರೆದೆ. ಕೊನೆಗೆ ಆ ದರಿದ್ರ ವಾಕ್ಯನೂ ಬಂತು ಬಾಯಿಂದ, "ಒಂದ್ಸಲ ಅಕ್ಕನ ಜಾಗದಲ್ಲಿ ನಿಂತು ನೋಡಿ".

ಅವರು ಕರ್ಚೀಫು ಮಡಚಿ ಬ್ಯಾಗಿಗೆ ಹಾಕ್ಕೊಂಡ್ರು. "14 ವರ್ಷದಿಂದ ಅಲ್ಲೇ ನಿಂತಿದೀನಿ. ನನ್ನ ಜಾಗದಲ್ಲಿ ಯಾರು ನಿಲ್ತಾರೆ?" ಅಂತ ಹೇಳಿ ಎದ್ದು ಹೋದ್ರು.

ಮತ್ತೆ ಬರಲ್ಲ ಅಂದ್ಕೊಂಡೆ. ಎರಡು ವಾರ ಆದ್ಮೇಲೆ ಫೋನ್ ಮಾಡಿ, ಅಕ್ಕನ್ನ ಕಳಿಸ್ತೀನಿ, ನೀವೇ ಕೇಳ್ಕೊಳ್ಳಿ ಅಂದ್ರು. ಆ ಧ್ವನೀಲಿ ಏನಿತ್ತು ಅಂತ ನಂಗೂ ಗೊತ್ತಾಗ್ಲಿಲ್ಲ. ಸವಾಲೂ ಇರಬಹುದು.

ಅಕ್ಕ ಬಂದು ಕೂತ್ರು. ಮುಖದಲ್ಲಿ ಯಾವ ಏರಿಳಿತನೂ ಇಲ್ಲ, ಮಾತು ಕೂಡ ಒಂದೇ ಮಟ್ಟದಲ್ಲಿ, ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಮಾಡೋರ ತರ. ಕೆಲಸದ ಬಗ್ಗೆ ಕೇಳ್ದೆ, ನಿದ್ದೆ ಮಾತ್ರೆ ಎಲ್ಲ ಕೇಳ್ದೆ, ಎಲ್ಲಕ್ಕೂ ಉತ್ರ ಚೊಕ್ಕ. ಮಾತಿನ ಮಧ್ಯೆ ಒಂದು ಗಾದೆನೂ ಕೇಳ್ದೆ (ಇದು ಮನೋವೈದ್ಯರ ಹಳೇ ಅಭ್ಯಾಸ, ಗಾದೆ ಅರ್ಥ ಕೇಳಿ ಯೋಚನೆ ಎಷ್ಟು ಅಕ್ಷರಶಃ ಇದೆ ಅಂತ ನೋಡೋದು), ಬೆಳ್ಳಗಿರೋದೆಲ್ಲ ಹಾಲಲ್ಲ ಅಂದ್ರೆ ಏನು ಅಂದೆ. "ಹೌದಲ್ವಾ, ಸುಣ್ಣನೂ ಬೆಳ್ಳಗಿರುತ್ತೆ" ಅಂದ್ರು. ತಪ್ಪು ಅನ್ನೋಕಾಗುತ್ತಾ ಹೇಳಿ.

ಆಮೇಲೆ ಆ ದಿನಕ್ಕೆ ಬಂದ್ವಿ. ಯಾಕೆ ಹಾಗೆ ಕೇಳಿದ್ರಿ ಅಂತ ನಾನು ಕೇಳ್ಲಿಲ್ಲ. "ಯಾಕೆ" ಅನ್ನೋ ಪ್ರಶ್ನೆ ಆ ಮನೇಲಿ ಮೂರು ತಿಂಗಳಿಂದ ಬೈಗುಳ ಆಗಿತ್ತು. ಬದಲಿಗೆ ವಿಡಿಯೋ ನಿಧಾನಕ್ಕೆ ಓಡ್ಸೋ ಹಾಗೆ ಒಂದೊಂದೇ ಹೆಜ್ಜೆ ಹೇಳಿ ಅಂದೆ. ಬಾಗಿಲ ಹತ್ರ ಬಂದ್ರಿ, ಏನು ಕಾಣಿಸ್ತು?

"ತಂಗಿ ಮಲಗಿದ್ಲು. ಒಂದ್ಸಲ ತಿರುಗಿ ನೋಡಿದ್ಲು. ಮುಖ ಸಿಟ್ಟಾಗಿತ್ತು."

ಬರೀತಿದ್ದ ಪೆನ್ನು ನಿಲ್ಸಿದೆ. ಸಿಟ್ಟು ಅಂತ ಹೇಗೆ ಗೊತ್ತಾಯ್ತು?

"ಹುಬ್ಬು ಹೀಗಿತ್ತು." ಅವರ ಹುಬ್ಬು ಜಾಸ್ತಿ ಅಲುಗಾಡ್ಲಿಲ್ಲ, ಬೆರಳಲ್ಲಿ ಗಂಟು ಮಾಡಿ ತೋರ್ಸಿದ್ರು. "ಬಾಯಿ ಬಿಗಿ ಹಿಡಿದಿದ್ಲು. ಮತ್ತೆ ಗೋಡೆ ಕಡೆ ತಿರುಗಿದ್ಲು."

ಯಾರ ಮೇಲೆ ಸಿಟ್ಟು?

"ನನ್ನ ಮೇಲೆ." ಸೂರ್ಯ ಪೂರ್ವಕ್ಕೆ ಹುಟ್ತಾನೆ ಅಂತ ಹೇಳೋ ಹಾಗೆ ಹೇಳಿದ್ರು. "ರೂಮು ಖಾಲಿ ಮಾಡು ಅಂದಿದ್ರು. ನಾನು ಮೂರು ವಾರ ಮಾಡಿರ್ಲಿಲ್ಲ. ಆಮೇಲೆ ಹೀಗಾಯ್ತು. ಬಂದಾಗಿಂದ ಅವಳೂ ಮಾತಾಡ್ತಿಲ್ಲ, ಅವರೂ ಮಾತಾಡ್ತಿಲ್ಲ. ನನ್ನ ಕಳಿಸ್ತಾರೆ ಅನ್ನಿಸ್ತು. ಅದಕ್ಕೆ ಕೇಳ್ದೆ. ರೂಮು ನಿಂಗೇ ಅಂದ್ರೆ ಇಟ್ಕೋತಾರೆ ಅಂತ. ಇಲ್ಲ ಅಂದ್ರೆ ಕಳಿಸ್ತಾರೆ ಅಂತ."

ನಾನು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಮೂರು ತಿಂಗಳಿಂದ ಒಂದು ಮನೆ ಪೂರ್ತಿ ಆ ಪ್ರಶ್ನೆಯನ್ನ ದುರಾಸೆ ಅಂತ ಕೇಳಿಸ್ಕೊಂಡಿತ್ತು. ಆದ್ರೆ ಅದು ಮನೆಯಿಂದ ಹೊರಗೆ ಬೀಳ್ತೀನಾ ಅಂತ ತಿಳ್ಕೊಳ್ಳೋಕೆ ಕೇಳಿದ ಪ್ರಶ್ನೆ. ಎರಡು ರಾತ್ರಿ ನಿದ್ದೆ ಮಾಡಿರ್ಲಿಲ್ವಂತೆ ಅದಕ್ಕೆ ಮುಂಚೆ. ಮೊದಲ ಡ್ರಾಫ್ಟಲ್ಲಿ ನಾನು ಇಲ್ಲಿ "ಹೆದರಿ ಕೂತಿದ್ರು" ಅಂತ ಬರೆದಿದ್ದೆ, ಅದನ್ನೇ ಅಕ್ಕ ಹೊಡೆದು ಹಾಕಿದ್ದು. "ಹೆದರಿಕೆ ಅಲ್ಲ, ಲೆಕ್ಕ ಹಾಕ್ತಿದ್ದೆ ಅಂತ ಬರೀರಿ" ಅಂದ್ರು. ಸರಿ, ಲೆಕ್ಕ ಹಾಕ್ತಿದ್ರು.

ಮಗು ಹೋಗಿದ್ದು ಗೊತ್ತಿತ್ತಲ್ವಾ, ತಂಗಿಗೆ ಅದರ ದುಃಖ ಇರಬಹುದು ಅನ್ನಿಸ್ಲಿಲ್ವಾ ಅಂದೆ.

"ಗೊತ್ತಿತ್ತು. ಬಂದ ದಿನಾನೇ ಕೇಳಿದ್ನಲ್ಲ, ಹೇಗಿದೀಯಾ ಅಂತ. ಪರವಾಗಿಲ್ಲ ಅಂದ್ಲು." ಮೊದಲ ಸಲ ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರು. "ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಲ್ವಾ ಮೇಡಂ?"

ಅವತ್ತಿಂದ ಈ ಪದ ನನ್ನ ಬಿಟ್ಟಿಲ್ಲ. ಯೋಚ್ನೆ ಮಾಡಿ ನೋಡಿ, ಪರೀಕ್ಷೆ ಹೇಗಾಯ್ತು ಅಂದ್ರೆ ಪರವಾಗಿಲ್ಲ, ಅಂದ್ರೆ ಪಾಸಾಗ್ತೀನಿ. ಕಾಲು ತುಳಿದು ಸಾರಿ ಅಂದ್ರೆ ಪರವಾಗಿಲ್ಲ, ಅಂದ್ರೆ ಕ್ಷಮಿಸಿದೀನಿ. ಹುಡುಗ ಹಾಡಿದ್ದು ಕೇಳಿ ಅಜ್ಜ "ಪರವಾಗಿಲ್ವೇ!" ಅಂದ್ರೆ ಅದು ದೊಡ್ಡ ಹೊಗಳಿಕೆ. ಸಹಾಯ ಮಾಡ್ಲಾ ಅಂದ್ರೆ ಪರವಾಗಿಲ್ಲ, ಅಂದ್ರೆ ಬೇಡ, ಅಥವಾ ಬೇಕು ಆದ್ರೆ ಇನ್ನೊಂದ್ಸಲ ಕೇಳು. ಗೋಡೆ ಕಡೆ ತಿರುಗಿ, ಧ್ವನಿ ಇಳಿಸಿ ಪರವಾಗಿಲ್ಲ ಅಂದ್ರೆ, ನಾನು ಸಾಯ್ತಿದೀನಿ, ಬಂದು ತಬ್ಕೋ. ನಿಘಂಟಲ್ಲಿ ಪದ ಸಿಗುತ್ತೆ, ಗೋಡೆ ಸಿಗಲ್ಲ. ನಾವು ಆ ಗೋಡೆಯನ್ನ, ಧ್ವನಿಯನ್ನ, ಮೂರು ದಿನದ ಹಿಂದೆ ಏನಾಯ್ತು ಅನ್ನೋದನ್ನ ಎಲ್ಲ ಸೇರಿಸಿ ಕಣ್ಣು ಮಿಟುಕಿಸೋದ್ರೊಳಗೆ ಅರ್ಥ ಮಾಡ್ಕೋತೀವಿ, ಅದು ಎಷ್ಟು ದೊಡ್ಡ ಲೆಕ್ಕ ಅಂತ ನಮಗೇ ಗೊತ್ತಿರಲ್ಲ, ಯಾಕಂದ್ರೆ ನಾವು ಕೂತು ಲೆಕ್ಕ ಹಾಕಲ್ಲ, ಅದು ತಾನಾಗೇ ಆಗುತ್ತೆ. ಅಕ್ಕನಿಗೆ ತಾನಾಗೇ ಆಗಲ್ಲ. ಅವರು ಕೂತು ಹಾಕ್ಬೇಕು, ಅದೂ ಕೈಲಿ ಅರ್ಧ ಅಂಕಿ ಇಟ್ಕೊಂಡು.

ಈ ಶಕ್ತಿಗೆ ಸೋಷಿಯಲ್ ಕಾಗ್ನಿಷನ್ ಅಂತಾರೆ. ಎದುರಿನವರ ಮುಖ ಧ್ವನಿ ಓದೋದು, ಅವರ ಮನಸ್ಸಲ್ಲಿ ಏನಿದೆ ಅಂತ ಊಹಿಸೋದು, ನಡೆದಿದ್ದಕ್ಕೆ ಕಾರಣ ಯಾರು ಅಥವಾ ಏನು ಅಂತ ತೀರ್ಮಾನಿಸೋದು, ಎಲ್ಲ ಇದರೊಳಗೇ ಬರುತ್ತೆ. ಮನಸ್ಸು ಊಹಿಸೋ ಭಾಗಕ್ಕೆ ಥಿಯರಿ ಆಫ್ ಮೈಂಡ್ ಅನ್ನೋ ಹೆಸರು, 1978ರಲ್ಲಿ ಪ್ರಿಮ್ಯಾಕ್ ಮತ್ತು ವುಡ್ರಫ್ ಅನ್ನೋರು ಚಿಂಪಾಂಜಿಗಳ ಬಗ್ಗೆ ಬರೀತಾ ಬಳಸಿದ ಪದ. ಸ್ಕಿಜೋಫ್ರೇನಿಯಾದಲ್ಲಿ ಪೆಟ್ಟು ಬಿದ್ದಿರೋದು ಇಲ್ಲೇ ಅಂತ 1992ರಲ್ಲಿ ಕ್ರಿಸ್ ಫ್ರಿತ್ ಅನ್ನೋ ಮನೋವಿಜ್ಞಾನಿ ವಾದ ಮಾಡಿದ್ರು, ಅವರ ಜೊತೆ ಸೇರಿ ರಿಯಾನನ್ ಕಾರ್ಕೊರನ್ 1995ರಲ್ಲಿ ಒಂದು ಟೆಸ್ಟ್ ತಂದ್ರು, ಹಿಂಟಿಂಗ್ ಟಾಸ್ಕ್ ಅಂತ. ಹತ್ತು ಪುಟ್ಟ ಸನ್ನಿವೇಶ, ಪ್ರತಿಯೊಂದ್ರಲ್ಲೂ ಯಾರೋ ಒಬ್ರು ಏನನ್ನೋ ನೇರವಾಗಿ ಹೇಳದೆ ಸುತ್ತಿ ಬಳಸಿ ಹೇಳ್ತಾರೆ, ಅವರ ನಿಜವಾದ ಉದ್ದೇಶ ಏನು ಅಂತ ಹೇಳ್ಬೇಕು. ಉದಾಹರಣೆಗೆ ಇಂಥದ್ದು ಅಂದ್ಕೊಳ್ಳಿ, ಒಬ್ರು ಶಾಲು ಹೊದ್ಕೊಂಡು "ಈ ಫ್ಯಾನು ಬಹಳ ಜೋರಾಗಿ ತಿರುಗುತ್ತೆ ಅಲ್ವಾ" ಅಂತಾರೆ. ನೀವು ಎದ್ದು ಫ್ಯಾನ್ ಆರಿಸ್ತೀರಿ. ಸ್ಕಿಜೋಫ್ರೇನಿಯಾ ಇರೋರಲ್ಲಿ ಬಹಳಷ್ಟು ಜನ "ಹೌದು" ಅಂತ ಸುಮ್ನೆ ಕೂತಿರ್ತಾರೆ, ಆಮೇಲೆ ಆ ಮನುಷ್ಯ ಮೂಗು ಮುರೀತಾನೆ, ಇವರಿಗೆ ಕಾಣೋದು ಆ ಮುರಿದ ಮೂಗು ಮಾತ್ರ.

ಮುಖದ ವಿಷಯದಲ್ಲೂ ಹೀಗೇ. ನಗು ಗುರುತಿಸೋದ್ರಲ್ಲಿ ಕಷ್ಟ ಕಮ್ಮಿ, ಭಯ, ದುಃಖ, ಸಿಟ್ಟು ಇವುಗಳಲ್ಲಿ ಗೊಂದಲ ಜಾಸ್ತಿ, ಕೆಲವ್ರಿಗೆ ಏನೂ ಭಾವ ಇಲ್ಲದ ಸುಮ್ನೆ ಮುಖನೂ ಸಿಟ್ಟಿನ ಮುಖದ ಹಾಗೆ ಕಾಣುತ್ತೆ. ಅದರ ಮೇಲೆ, ಕೆಟ್ಟದ್ದೇನಾದ್ರೂ ಆದ್ರೆ ಅದಕ್ಕೆ ಪರಿಸ್ಥಿತಿ ಕಾರಣ ಅನ್ನೋ ಬದಲು ಯಾರೋ ಮನುಷ್ಯ ಕಾರಣ, ಅದೂ ನನಗೆ ಸಂಬಂಧಪಟ್ಟಿದ್ದು ಅನ್ನೋ ಕಡೆ ಮನಸ್ಸು ವಾಲುತ್ತೆ. ಇನ್ನೊಂದು, ತೀರ್ಮಾನಕ್ಕೆ ಬೇಗ ಹಾರೋದು. 1988ರಲ್ಲಿ ಲಂಡನ್ನಲ್ಲಿ ಮಾಡಿದ ಪ್ರಯೋಗ ಒಂದಿದೆ, ಎರಡು ಜಾಡಿ, ಒಂದ್ರಲ್ಲಿ ಒಂದು ಬಣ್ಣದ ಮಣಿ 85 ಇನ್ನೊಂದು ಬಣ್ಣದ್ದು 15, ಮತ್ತೊಂದ್ರಲ್ಲಿ ಉಲ್ಟಾ. ಒಂದೊಂದೇ ಮಣಿ ತೆಗೆದು ತೋರಿಸ್ತಾರೆ, ಯಾವ ಜಾಡಿಯಿಂದ ಬರ್ತಿದೆ ಅಂತ ಖಾತ್ರಿ ಆದಾಗ ಹೇಳ್ಬೇಕು. ಭ್ರಮೆ ಇರೋರು ಬೇರೆಯವರಿಗಿಂತ ಕಮ್ಮಿ ಮಣಿ ನೋಡಿ ಹೇಳ್ಬಿಟ್ರು. ನಮ್ಮ ಅಕ್ಕನ್ನೇ ನೋಡಿ, ಗಂಟಿಕ್ಕಿದ ಹುಬ್ಬು ಒಂದು ಮಣಿ, ಗೋಡೆಗೆ ತಿರುಗಿದ್ದು ಇನ್ನೊಂದು ಮಣಿ, ಮುಗೀತು, ನನ್ನ ಕಳಿಸ್ತಾರೆ.

ಹಾಗಂತ ಅಕ್ಕನ್ನ ಸಂತರ ಪೀಠದ ಮೇಲೆ ಕೂರ್ಸೋಕೆ ನಾನು ಹೊರಟಿಲ್ಲ. ರೂಮು ನಿಮಗೆ ಇಷ್ಟಾನಾ ಅಂತ ಕೇಳಿದ್ದಕ್ಕೆ "ಇಷ್ಟ, ಕಿಟಕಿ ದೊಡ್ಡದು" ಅಂತಾನೂ ಅಂದ್ರು. ಲೆಕ್ಕದ ಜೊತೆ ಕಿಟಕಿನೂ ಇತ್ತು. ಇರಲಿ ಬಿಡಿ, ಕಾಯಿಲೆ ಇಲ್ಲದ ನಮ್ಮಲ್ಲೂ ಸಾವಿನ ಮನೇಲಿ ನಿಂತು ವಾಪಸ್ ಹೋಗೋ ಬಸ್ಸಿನ ಟೈಮ್ ಯೋಚಿಸದೋರು ಎಷ್ಟು ಜನ. ವ್ಯತ್ಯಾಸ ಇಷ್ಟೇ, ಅದನ್ನ ಬಾಯಿ ಬಿಟ್ಟು ಹೇಳಬಾರ್ದು ಅನ್ನೋ ಗೇಟು ನಮಗೆ ಸರಿಯಾದ ಟೈಮಿಗೆ ಮುಚ್ಕೊಳುತ್ತೆ.

ಆದ್ರೆ ನನಗೆ ಜಾಸ್ತಿ ಕಾಡಿದ್ದು ಇನ್ನೊಂದು ಕಡೆಯದ್ದು. ಅಕ್ಕ ತಂಗಿ ಮುಖವನ್ನ ತಪ್ಪಾಗಿ ಓದಿದ್ರು, ಸರಿ, ಅದಕ್ಕೆ ಕಾಯಿಲೆ ಅನ್ನೋ ಕಾರಣ ಇದೆ. ತಂಗಿ? ಅಕ್ಕನ ಅಲುಗಾಡದ ಮುಖ ನೋಡಿ ಒಳಗೂ ಏನೂ ಅಲುಗಾಡ್ತಿಲ್ಲ ಅಂತ ತೀರ್ಮಾನ ಮಾಡಿದ್ರಲ್ಲ, ಅದೂ ತಪ್ಪು ಓದೇ. 1990ರ ದಶಕದಲ್ಲಿ ಆನ್ ಕ್ರಿಂಗ್ ಮತ್ತು ಜೊತೆಯವರು ಸ್ಕಿಜೋಫ್ರೇನಿಯಾ ಇರೋರಿಗೆ ನಗು, ಭಯ, ದುಃಖ ತರೋ ಸಿನಿಮಾ ತುಣುಕು ತೋರ್ಸಿ ನೋಡಿದ್ರು. ಮುಖದ ಮೇಲೆ ಬೇರೆಯವರಿಗಿಂತ ಕಮ್ಮಿ ಕಾಣಿಸ್ತು, ಆದ್ರೆ ಏನನ್ನಿಸ್ತು ಅಂತ ಕೇಳಿದ್ರೆ ಬೇರೆಯವರಿಗಿಂತ ಕಮ್ಮಿ ಏನೂ ಅನ್ನಿಸಿರ್ಲಿಲ್ಲ. ನಾನೂ ಅದೇ ತಪ್ಪು ಮಾಡ್ದೆ ಅಲ್ವಾ, ಬಸ್ ಸ್ಟ್ಯಾಂಡ್ ಅನೌನ್ಸ್‌ಮೆಂಟ್ ತರ ಮಾತಾಡ್ತಾರೆ ಅಂತ ಮೇಲೆ ಬರೆದೆ, ಎರಡು ರಾತ್ರಿ ನಿದ್ದೆಗೆಟ್ಟವರ ಬಗ್ಗೆ.

ಈಗ ನಾನು ಕೊಟ್ಟ ಸಲಹೆ, ಅದರ ಬಗ್ಗೆ ಒಂದಷ್ಟು ಜನ ನನ್ನ ಮೇಲೆ ಬೇಜಾರಾಗಿದಾರೆ, ಹಾಗಾಗಿ ಯಾಕೆ ಕೊಟ್ಟೆ ಅನ್ನೋದನ್ನೂ ಹೇಳ್ತೀನಿ.

ಅಕ್ಕನಿಗೆ ಹೇಳಿದ್ದು ಸುಲಭದ್ದು. ಒಂದು ನೋಟ್‌ಬುಕ್ಕಲ್ಲಿ ಎರಡು ಕಾಲಂ, ಎಡಕ್ಕೆ ಕಂಡಿದ್ದು, ಬಲಕ್ಕೆ ಅಂದ್ಕೊಂಡಿದ್ದು. ಹುಬ್ಬು ಗಂಟಾಗಿತ್ತು ಅನ್ನೋದು ಎಡಕ್ಕೆ, ಸಿಟ್ಟು ಅನ್ನೋದು ಬಲಕ್ಕೆ. ಬಲಗಡೆ ಒಂದೇ ಬರೆದು ಮುಗಿಸೋ ಹಾಗಿಲ್ಲ, ಇನ್ನೂ ಎರಡು ಬೇರೆ ಕಾರಣ ಹುಡುಕಿ ಬರೀಲೇಬೇಕು, ಹೊಟ್ಟೆನೋವಿರಬಹುದು, ನಿದ್ದೆ ಬರ್ತಿರಬಹುದು, ಏನಾದ್ರೂ. ಆಮೇಲೆ ಹೋಗಿ ಕೇಳ್ಬೇಕು, ಕೇಳೋ ವಾಕ್ಯನೂ ನಾವಿಬ್ರೂ ಸೇರಿ ಕೂತು ಮಾಡಿದ್ವಿ: "ನಿನ್ನ ಮುಖ ಸಪ್ಪಗಿದೆ ಅನ್ನಿಸ್ತು. ನನ್ನ ಮೇಲಾ, ಬೇರೆ ಏನಾದ್ರೂನಾ?" ಇದು ನನ್ನ ಸ್ವಂತ ಕಂಡುಹಿಡಿತ ಅಲ್ಲ. ಅಮೆರಿಕದಲ್ಲಿ ಡೇವಿಡ್ ಪೆನ್, ಡೇವಿಡ್ ರಾಬರ್ಟ್ಸ್ ಅನ್ನೋರು ಮಾಡಿದ ಎಸ್‌ಸಿಐಟಿ (ಸೋಷಿಯಲ್ ಕಾಗ್ನಿಷನ್ ಅಂಡ್ ಇಂಟರಾಕ್ಷನ್ ಟ್ರೈನಿಂಗ್) ಅನ್ನೋ ತರಬೇತಿ ಇದೆ, ಸುಮಾರು 20 ವಾರ ಗುಂಪಲ್ಲಿ ನಡೆಸೋದು, ಮುಖಭಾವ ಗುರುತಿಸೋದು, ಊಹೆ ಬೇರೆ ಸಂಗತಿ ಬೇರೆ ಅಂತ ಬಿಡಿಸೋದು, ಹೋಗಿ ಕೇಳಿ ಖಾತ್ರಿ ಮಾಡ್ಕೊಳೋದು, ಅದರ ಬೆನ್ನೆಲುಬೇ ಇದು. ನನ್ನ ಹತ್ರ ಗುಂಪೂ ಇಲ್ಲ, 20 ವಾರನೂ ಇಲ್ಲ, ನೋಟ್‌ಬುಕ್ ಇತ್ತು.

ಮಾತ್ರೆ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಮಾತ್ರೆ ಬೇಕೇ ಬೇಕು, ಧ್ವನಿ, ಸಂಶಯ ಇವನ್ನ ಹಿಡಿದಿಟ್ಟಿರೋದು ಅದೇ, ನಿಲ್ಸೋದು, ಕಮ್ಮಿ ಮಾಡೋದು ಡಾಕ್ಟ್ರು ಹೇಳದೆ ಮಾಡೋ ಮಾತೇ ಇಲ್ಲ. ಆದ್ರೆ ಈ ಮುಖ ಓದೋ ವಿಷಯಕ್ಕೆ ಈಗಿರೋ ಮಾತ್ರೆಗಳು ಅಷ್ಟಾಗಿ ಮುಟ್ಟಲ್ಲ. ಅದಕ್ಕೇ ಮನೆಯವರಿಗೆ ಗೊಂದಲ, ಕಾಯಿಲೆ ವಾಸಿಯಾಯ್ತಲ್ಲ, ಇನ್ನೂ ಯಾಕೆ ಹೀಗೆ, ಹಾಗಾದ್ರೆ ಇದು ಸ್ವಭಾವನೇ ಅಂತ. ಧ್ವನಿ ನಿಂತ ಮೇಲೂ ಇದು ಉಳಿಯುತ್ತೆ, ಎಷ್ಟೋ ಸಲ ಧ್ವನಿ ಶುರುವಾಗೋಕೆ ಮುಂಚೇನೇ ಇರುತ್ತೆ. ಕೆಲಸ, ಸ್ನೇಹ, ಸಂಸಾರ ಇವು ನಿಲ್ಲುತ್ತೋ ಬೀಳುತ್ತೋ ಅನ್ನೋದಕ್ಕೆ ನೆನಪಿನ ಶಕ್ತಿ, ಗಮನ ಇವುಗಳಿಗಿಂತ ಇದರದ್ದೇ ಸಂಬಂಧ ಹೆಚ್ಚು ಅಂತ ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆಯೊಂದು ಹೇಳುತ್ತೆ. ನಾನು ಕುರ್ಚೀಲಿ ಕೂತು ನೋಡಿರೋದೂ ಅದನ್ನೇ.

ಜಗಳ ಬಂದಿದ್ದು ತಂಗಿಗೆ ಕೊಟ್ಟ ಸಲಹೆ ಬಗ್ಗೆ. ಅವರಿಗೆ ಹೇಳ್ದೆ, ಇನ್ಮೇಲೆ ಅಕ್ಕನ ಹತ್ರ ಪರವಾಗಿಲ್ಲ ಅನ್ನೋ ಪದ ಬೇಡ. ಮುಖ ತಿರುಗಿಸಿ, ಉಸಿರು ಬಿಟ್ಟು, ಬಾಗಿಲು ಜೋರಾಗಿ ಹಾಕಿ ವಿಷಯ ತಿಳಿಸೋದು ಬೇಡ. ಮೂರು ವಾಕ್ಯ ಹೇಳಿ, ನಂಗೆ ಏನಾಗಿದೆ, ಅದು ನಿನ್ನಿಂದ ಅಲ್ಲ, ನೀನು ಈಗ ಏನು ಮಾಡ್ಬೇಕು. "ನಂಗೆ ಮಗು ನೆನಪಾಗಿ ದುಃಖ ಆಗಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಹತ್ತು ನಿಮಿಷ ಬಂದು ಪಕ್ಕದಲ್ಲಿ ಕೂತ್ಕೋ."

ತಂಗಿ ನನ್ನನ್ನ ಹುಚ್ಚಿಯನ್ನ ನೋಡೋ ಹಾಗೆ ನೋಡಿದ್ರು. "ಕೇಳಿ ಪಡ್ಕೊಂಡಿದ್ದು ಪ್ರೀತಿನಾ ಮೇಡಂ? ನಾನೇ ಡೈಲಾಗು ಹೇಳ್ಕೊಟ್ಟು ನಾನೇ ಅಳ್ಬೇಕಾ?"

ಈ ಪ್ರಶ್ನೆಗೆ ನನ್ನ ಹತ್ರ ಚೆಂದದ ಉತ್ರ ಇರ್ಲಿಲ್ಲ, ಈಗ್ಲೂ ಇಲ್ಲ. ಆದ್ರೆ ನನ್ನ ನಂಬಿಕೆ ಹೇಳ್ತೀನಿ. ಹೇಳದೇ ಅರ್ಥ ಮಾಡ್ಕೊಂಡ್ರೇನೇ ಪ್ರೀತಿ ಅಂತ ನಾವು ಒಂದು ಪರೀಕ್ಷೆ ಇಟ್ಕೊಂಡಿದೀವಿ, ಗಂಡ ಹೆಂಡ್ತಿ, ತಾಯಿ ಮಕ್ಕಳು ಎಲ್ರೂ ಎಲ್ರಿಗೂ ಇಡ್ತಾನೇ ಇರ್ತೀವಿ. ಓದೋಕೆ ಬರದವರ ಕೈಗೆ ಚೀಟಿ ಕೊಟ್ಟು, ಪ್ರೀತಿ ಇದ್ದಿದ್ರೆ ಓದ್ತಿದ್ದೆ ಅಂತ ಮುನಿಸ್ಕೊಂಡ ಹಾಗೆ ಅದು. ಈ ಹೋಲಿಕೆ ಪೂರ್ತಿ ಸರಿಯಲ್ಲ, ಯಾಕಂದ್ರೆ ಅಕ್ಕ ಕೆಲವೊಮ್ಮೆ ಓದ್ತಾರೆ, ಕೆಲವೊಮ್ಮೆ ಬರೆದಿರದ್ದನ್ನೂ ಓದ್ತಾರೆ, ಅದೇ ಮನುಷ್ಯ ಒಂದು ದಿನ ಕಮ್ಮಿ ಊಹಿಸಿ ಇನ್ನೊಂದು ದಿನ ಅತಿಯಾಗಿ ಊಹಿಸೋದೇ ಈ ಕಾಯಿಲೆಯ ಫಜೀತಿ. ಆದ್ರೂ ಚೀಟಿಯನ್ನ ಜೋರಾಗಿ ಓದಿ ಹೇಳೋದ್ರಲ್ಲಿ ಅವಮಾನ ಏನಿದೆ ಅಂತ ನಂಗಿನ್ನೂ ಅರ್ಥ ಆಗಿಲ್ಲ.

ನನ್ನ ಜೊತೆ ಕೆಲಸ ಮಾಡೋ ಒಬ್ರು ಖಾರವಾಗೇ ಹೇಳಿದ್ರು, ನೀನು ಮಗು ಕಳ್ಕೊಂಡವಳ ತಲೆ ಮೇಲೆ ಇನ್ನೊಂದು ಕೆಲಸ ಹೊರಿಸ್ದೆ ಅಂತ. ಮೊದಲು ವಾದ ಮಾಡ್ದೆ, ರಾತ್ರಿ ಮಲಗಿ ಯೋಚಿಸಿದಾಗ ಅರ್ಧ ಒಪ್ಕೊಂಡೆ. ತಂಗಿ ಅವತ್ತು ಎದ್ದು ಹೋಗಿದ್ದು ಅದಕ್ಕೇ. ಹಾಗಾಗಿ ತಂಗಿಯನ್ನ ಅವರ ದುಃಖಕ್ಕೆ ಅಂತಾನೇ ಬೇರೆ ಒಬ್ಬ ಆಪ್ತಸಲಹೆಗಾರರ ಹತ್ರ ಕಳಿಸಿದೆ. ನಾನು ಅಷ್ಟೊತ್ತಿಗಾಗ್ಲೇ ಅಕ್ಕನ ಕಡೆ ವಾಲಿಬಿಟ್ಟಿದ್ದೆ, ಅದು ತಂಗಿಗೂ ಗೊತ್ತಿತ್ತು.

ಜೊತೆಗೆ ಇನ್ನೊಂದು ಹೇಳ್ದೆ, ಇದಕ್ಕೆ ಸಂಬಂಧಿಕರು ಕೆರಳಿದ್ರು. ಇಬ್ರೂ ದಿನದಲ್ಲಿ ಒಂದಷ್ಟು ಹೊತ್ತು ಬೇರೆ ಬೇರೆ ಇರಿ, ಅಕ್ಕ ಮನೆಯಿಂದ ಕೆಲಸ ಬಿಟ್ಟು ಹೊರಗಡೆ ಎಲ್ಲಾದ್ರೂ ಅರ್ಧ ದಿನ ಹೋಗೋ ಹಾಗೆ ಮಾಡಿ ಅಂದೆ. ಕಾಯಿಲೆಯವಳನ್ನ ದೂರ ಮಾಡು ಅಂತ ಹೇಳ್ಕೊಟ್ಲು ಅಂದ್ರಂತೆ. ಇದರ ಹಿಂದೆ ಹಳೇ ಕಥೆ ಇದೆ. ಬ್ರಿಟನ್ನಲ್ಲಿ ಜಾರ್ಜ್ ಬ್ರೌನ್, ಆಮೇಲೆ 1976ರಲ್ಲಿ ವಾನ್ ಮತ್ತು ಲೆಫ್, ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತೆ ಅಂತ ನೋಡಿದ್ರು. ಮನೇಲಿ ಸದಾ ಟೀಕೆ, ಹಗೆ, ಅಥವಾ ಅತಿಯಾದ ಕಾಳಜಿ ಇದ್ದ ಕಡೆ ಜಾಸ್ತಿ, ಅದ್ರಲ್ಲೂ ಅಂಥ ಮನೆಯವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಾಮುಖಿ ಇದ್ದವರಲ್ಲಿ ಇನ್ನೂ ಜಾಸ್ತಿ. ಇದನ್ನ ಹೇಳಿದ್ರೆ ಮನೆಯವರು ಕಾಯಿಲೆಗೆ ನಾವೇ ಕಾರಣನಾ ಅಂತ ನೊಂದ್ಕೋತಾರೆ, ಅಲ್ಲ, ಕಾಯಿಲೆ ಬರಿಸಿದ್ದು ನೀವಲ್ಲ. ಇಡೀ ದಿನ ಎದುರುಬದುರು ಕೂತು ಒಬ್ರ ಹುಬ್ಬು ಒಬ್ರು ಕಾಯೋದು ಇಬ್ರಿಗೂ ಒಳ್ಳೇದಲ್ಲ ಅಷ್ಟೇ.

ತಂಗಿ ಗಂಡನ ಬಗ್ಗೆ ಬೇಗ ಮುಗಿಸ್ತೀನಿ. ಒಳ್ಳೇ ಮನುಷ್ಯ, ಆದ್ರೆ ಕೊಂಕು ಜಾಸ್ತಿ. ಅಕ್ಕ ಹನ್ನೊಂದಕ್ಕೆ ಎದ್ರೆ "ಆಹಾ, ಎಷ್ಟು ಬೇಗ ಎದ್ಬಿಟ್ರಿ" ಅಂತಾರೆ, ಅಕ್ಕ "ಥ್ಯಾಂಕ್ಸ್" ಅಂತಾರೆ, ಇವರು ಅದನ್ನ ಉದ್ಧಟತನ ಅಂದ್ಕೋತಾರೆ. ಕೊಂಕು ಅರ್ಥ ಆಗೋಕೆ ಮಾತು ಒಂದು, ಮನಸ್ಸು ಒಂದು ಅಂತ ಎರಡನ್ನೂ ಒಟ್ಟಿಗೆ ಹಿಡೀಬೇಕು, ಅಕ್ಕನಿಗೆ ಎಡವೋ ಜಾಗ ಅದೇ. ಎಂಟು ಗಂಟೆಗೆ ಏಳಿ ಅಂತ ನೇರ ಹೇಳಿ ಸಾರ್ ಅಂದೆ. ಹೇಳಿದ್ರು. ಎದ್ರು.

ಎಲ್ಲಿ ಈ ಸಲಹೆ ನಡೆಯಲ್ಲ ಅನ್ನೋದೂ ಹೇಳ್ಬೇಕು. "ನನ್ನ ಮೇಲಾ?" ಅಂತ ಕೇಳಿ, "ಅಲ್ಲ" ಅಂತ ಉತ್ರ ಸಿಕ್ಕಿದ್ಮೇಲೂ ಮನಸ್ಸು ಸಮಾಧಾನ ಆಗದೆ, ಸಂಶಯ ಇನ್ನೂ ಗಟ್ಟಿಯಾಗಿ, ಮನೆಯವರಿಂದ ಅಕ್ಕಪಕ್ಕದವರಿಗೆ ಹರಡಿ, ನಿದ್ದೆನೂ ಕೆಟ್ರೆ ಅದು ನೋಟ್‌ಬುಕ್ಕಿನ ಕೆಲಸ ಅಲ್ಲ. ಅವತ್ತೇ ಡಾಕ್ಟ್ರ ಹತ್ರ ಹೋಗಿ. ಕಾಯಿಲೆ ಮರಳಿ ಬರ್ತಿರೋ ಗುರುತು ಇರಬಹುದು ಅದು.

ಅಕ್ಕ ಅಭ್ಯಾಸ ಮಾಡೋದ್ರಲ್ಲಿ ನನ್ನನ್ನೂ ಬಿಡ್ಲಿಲ್ಲ. ಆರನೇ ಸೆಷನ್ನೋ ಏಳನೇದೋ, ಕೂತ ಕೂಡ್ಲೇ "ನಿಮ್ಮ ಮುಖ ಸಪ್ಪಗಿದೆ ಅನ್ನಿಸ್ತು. ನನ್ನ ಮೇಲಾ, ಬೇರೆ ಏನಾದ್ರೂನಾ?" ಅಂದ್ರು. ನಂಗೆ ಬೆಳಗ್ಗೆಯಿಂದ ತಲೆ ಸಿಡೀತಿತ್ತು. ಬಾಯಿಗೆ ಬಂದಿದ್ದು ಏನು ಅಂತ ಹೇಳ್ಬೇಕಾ, "ಪರವಾಗಿಲ್ಲ". ಅವರು ಸುಮ್ನೆ ನನ್ನೇ ನೋಡ್ತಾ ಕೂತ್ರು, ಬಲಗಡೆ ಕಾಲಂ ಖಾಲಿ ಇಟ್ಕೊಂಡು. ತಲೆನೋವು ಕಣಮ್ಮ, ನಿಮ್ಮಿಂದ ಅಲ್ಲ ಅಂದೆ. ಬರ್ಕೊಂಡ್ರು.

ತಂಗಿ ಆ ಮೂರು ವಾಕ್ಯ ಹೇಳೋಕೆ ಎರಡು ತಿಂಗಳು ತಗೊಂಡ್ರು. ರೂಮು ಸದ್ಯಕ್ಕೆ ಅಕ್ಕನ ಹತ್ರಾನೇ ಇದೆ, ಹಾಸ್ಟೆಲ್ ಮಾತು ನಿಂತಿದೆಯೋ ಮುಂದೆ ಹೋಗಿದೆಯೋ ನಂಗೆ ಗೊತ್ತಿಲ್ಲ. ಒಂದು ಸಂಜೆ ಫೋನ್ ಮಾಡಿದ್ರು. ಹೇಳ್ದೆ ಮೇಡಂ, ನೀವು ಹೇಳಿದ ಹಾಗೇ ಹೇಳ್ದೆ, ಬಂದು ಕೂತ್ಲು, ಏನೂ ಮಾತಾಡ್ಲಿಲ್ಲ, ಗಡಿಯಾರ ನೋಡ್ಕೊಂಡು ಕೂತಿದ್ಲು, ಹತ್ತು ನಿಮಿಷ ಆಗಿದ್ದೇ ತಡ ಎದ್ದು ಹೋದ್ಲು ಅಂದ್ರು. ಆಮೇಲೆ ಫೋನಲ್ಲಿ ಏನೋ ಸದ್ದು, ನಗೋದೋ ಅಳೋದೋ ಗೊತ್ತಾಗ್ಲಿಲ್ಲ. ನೇರ ಕೇಳ್ದೆ, ನಗ್ತಿದೀರಾ, ಅಳ್ತಿದೀರಾ? ಎರಡೂ ಅಂದ್ರು.

ಮುಂದಿನ ಸಲ ಇಪ್ಪತ್ತು ನಿಮಿಷ ಅಂತ ಹೇಳಿ ಅಂದೆ.